ಗೇರ್‌ಬಾಕ್ಸ್ ಇಳಿಸುವ ಮೊದಲು: ಆಟೊಮ್ಯಾಟಿಕ್ ಕಾರಿನ ಜರ್ಕ್ ಹುಡುಕಿ ಸರಿಪಡಿಸಿದ ವಿವರ

ಲಕ್ಷ ಕಿಲೋಮೀಟರ್ ದಾಟಿದ, ನಾಲ್ಕು ಗೇರಿನ ಆಟೊಮ್ಯಾಟಿಕ್ ಪೆಟ್ರೋಲ್ ಕಾರೊಂದು ಗೇರ್ ಬದಲಾಗುವಾಗಲೆಲ್ಲ ಜೋರಾಗಿ ಜರ್ಕ್ ಹೊಡೆಯುತ್ತಿದ್ದುದನ್ನು ಉಡುಪಿಯ ನಮ್ಮ ಮನೆಯ ಅಂಗಳದಲ್ಲೇ ಪರೀಕ್ಷಿಸಿ ಸರಿಪಡಿಸಿದ ಕೆಲಸದ ವಿವರ ಇದು. ಕಾರು ನನ್ನ ಭಾವನವರದ್ದು. ಸೆಕೆಂಡ್ ಹ್ಯಾಂಡ್ ಆಗಿ ಕೊಂಡದ್ದು. ಅವರು ಪರ್ಕಳದಿಂದ ಮಣಿಪಾಲ, ಇಂದ್ರಾಳಿ, ಕಲ್ಸಂಕದ ಮೂಲಕ ಮಲ್ಪೆಗೆ ಕೆಲಸಕ್ಕೆ ಹೋಗಿಬರುವವರು. ಅಂದರೆ ಈ ಕಾರಿಗೆ ಪ್ರತಿದಿನವೂ ಗುಡ್ಡದ ಏರು, ಪೇಟೆಯ ವಾಹನದಟ್ಟಣೆ, ಕಡಲತೀರದ ಉಪ್ಪುಗಾಳಿ ಮೂರೂ ಇವೆ. ಜೂನ್ ತಿಂಗಳ ಮಳೆ ಹಿಡಿದ ಮೇಲೆ ಜರ್ಕ್ ಶುರುವಾಯಿತು, ಆಟಿ ತಿಂಗಳ (ಜುಲೈ–ಆಗಸ್ಟ್) ಹೊತ್ತಿಗೆ ದಿನವೂ ಕಾಣತೊಡಗಿತು. ಒಂದು ಗ್ಯಾರೇಜಿನಲ್ಲಿ ಸ್ವಲ್ಪ ದೂರ ಓಡಿಸಿ ನೋಡಿ, ಗೇರ್‌ಬಾಕ್ಸ್ ಕೆಳಗಿಳಿಸಿ ಪೂರ್ತಿ ಬಿಚ್ಚಬೇಕು ಎಂದು ಹೇಳಿ, ಲಕ್ಷದ ಹತ್ತಿರದ ಅಂದಾಜು ಕೊಟ್ಟಿದ್ದರು. ಆ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಗೇರ್‌ಬಾಕ್ಸಿನ ಹೊರಗೆ ನೋಡಬೇಕಾದ ನಾಲ್ಕಾರು ಜಾಗಗಳನ್ನು ನೋಡದೆ ಅದನ್ನು ಹೇಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ನಮ್ಮಲ್ಲಿ ಕ್ಲಚ್ ಪೆಡಲ್ ಇಲ್ಲದ ಕಾರುಗಳನ್ನೆಲ್ಲ ಆಟೊಮ್ಯಾಟಿಕ್ ಎಂದೇ ಕರೆಯುವುದರಿಂದ ಒಂದರ ಲಕ್ಷಣವನ್ನು ಇನ್ನೊಂದಕ್ಕೆ ಹಚ್ಚುವುದು ಸಾಮಾನ್ಯವಾಗಿದೆ. 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ಜನಪ್ರಿಯವಾದ ಎಎಂಟಿ ಎಂಬುದು ಮೂಲತಃ ಸಾಮಾನ್ಯ ಮ್ಯಾನುವಲ್ ಗೇರ್‌ಬಾಕ್ಸೇ. ಅದರಲ್ಲಿ ಕ್ಲಚ್ ಒತ್ತುವ ಮತ್ತು ಗೇರ್ ಹಾಕುವ ಕೆಲಸವನ್ನು ಯಂತ್ರ ಮಾಡುತ್ತದೆ. ಅಲ್ಲಿ ಗೇರ್ ಬದಲಾಗುವಾಗ ಕ್ಷಣಕಾಲ ಎಳೆತ ನಿಂತು ತಲೆ ಮುಂದಕ್ಕೆ ಬಾಗುವುದು ಅದರ ಸ್ವಭಾವ, ದೋಷವಲ್ಲ. ಸಿವಿಟಿಯಲ್ಲಿ ಬೆಲ್ಟು ಮತ್ತು ಪುಲ್ಲಿಗಳಿರುವುದರಿಂದ ಗೇರ್ ಬದಲಾವಣೆ ಎಂಬುದೇ ಇಲ್ಲ. ನಮ್ಮ ಮುಂದಿದ್ದದ್ದು ಟಾರ್ಕ್ ಕನ್ವರ್ಟರ್ ಇರುವ ಹಳೆಯ ಪದ್ಧತಿಯ ಆಟೊಮ್ಯಾಟಿಕ್. ಇಲ್ಲಿ ಎಂಜಿನ್ನಿನ ಶಕ್ತಿ ಎಣ್ಣೆಯ ಮೂಲಕ ದಾಟಿ ಒಳಗಿನ ಪ್ಲಾನೆಟರಿ ಗೇರುಗಳಿಗೆ ಹೋಗುತ್ತದೆ. ಆ ಗೇರುಗಳ ಯಾವ ಭಾಗ ತಿರುಗಬೇಕು, ಯಾವುದು ನಿಲ್ಲಬೇಕು ಎಂಬುದನ್ನು ಎಣ್ಣೆಯ ಒತ್ತಡದಿಂದ ಬಿಗಿಯಾಗುವ ಕ್ಲಚ್ ಪ್ಲೇಟುಗಳು ನಿರ್ಧರಿಸುತ್ತವೆ.

ಎರಡನೆಯ ಗೇರಿನಿಂದ ಮೂರಕ್ಕೆ ಹೋಗುವಾಗ ಒಂದು ಕ್ಲಚ್ ಬಿಡಬೇಕು, ಅದೇ ಹೊತ್ತಿಗೆ ಇನ್ನೊಂದು ಹಿಡಿಯಬೇಕು. ಬಾವಿಕಟ್ಟೆಯಲ್ಲಿ ತುಂಬಿದ ಕೊಡಪಾನವನ್ನು ಒಬ್ಬರ ಕೈಯಿಂದ ಇನ್ನೊಬ್ಬರು ತೆಗೆದುಕೊಳ್ಳುವಾಗ ಕೊಡುವವರು ಬೇಗ ಬಿಟ್ಟರೂ ಕಷ್ಟ, ತೆಗೆದುಕೊಳ್ಳುವವರು ಗಬಕ್ಕನೆ ಎಳೆದರೂ ಕಷ್ಟ, ಇಲ್ಲಿಯೂ ಹಾಗೆಯೇ. ಹಿಡಿಯುವ ಕ್ಲಚ್ಚಿಗೆ ಒತ್ತಡ ಕಡಿಮೆಯಾದರೆ ಪ್ಲೇಟುಗಳು ಜಾರುತ್ತವೆ: ಎಂಜಿನ್ ಒಮ್ಮೆ ಸುಮ್ಮನೆ ಮೊರೆದು, ಅದರ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳು ಮೇಲಕ್ಕೇರಿ, ಆಮೇಲೆ ಗೇರ್ ಕಚ್ಚಿಕೊಂಡು ಜರ್ಕ್ ಬರುತ್ತದೆ. ಒತ್ತಡ ಹೆಚ್ಚಾದರೆ ಮುಳ್ಳು ಏರುವುದೇ ಇಲ್ಲ; ಗೇರ್ ಒಮ್ಮೆಲೇ ಕಚ್ಚಿಕೊಳ್ಳುತ್ತದೆ. ಕಾರಿನಲ್ಲಿ ಕುಳಿತವರಿಗೆ ಎರಡೂ ಜರ್ಕೇ. ಆದರೆ ಮೊದಲನೆಯದು ಸವೆದ ಕ್ಲಚ್, ಕಡಿಮೆಯಾದ ಎಣ್ಣೆ, ಸೋರುವ ಸೀಲುಗಳ ಕಡೆಗೆ ಬೊಟ್ಟು ಮಾಡುತ್ತದೆ. ಎರಡನೆಯದು ಒತ್ತಡವನ್ನು ನಿಯಂತ್ರಿಸುವ ಸೊಲೆನಾಯ್ಡ್ (ಕರೆಂಟಿನಿಂದ ಕೆಲಸ ಮಾಡುವ ವಾಲ್ವ್), ಅದರ ವೈರಿಂಗ್ ಮತ್ತು ಅದಕ್ಕೆ ಆಜ್ಞೆ ಕೊಡುವ ಕಂಪ್ಯೂಟರಿಗೆ ಹೋಗುವ ಮಾಹಿತಿಯ ಕಡೆಗೆ. ಆದ್ದರಿಂದ ಪಾನಾ ಕೈಗೆತ್ತಿಕೊಳ್ಳುವ ಮೊದಲು, ಪಕ್ಕದ ಸೀಟಿನಲ್ಲಿ ಕುಳಿತು ಆರ್‌ಪಿಎಂ ಮುಳ್ಳನ್ನಷ್ಟೇ ನೋಡುತ್ತ ಹೋಗುವುದು ಈ ಇಡೀ ಕೆಲಸದ ಅತಿ ಮುಖ್ಯ ಭಾಗ. ಖರ್ಚಿಲ್ಲದ ಈ ಪರೀಕ್ಷೆಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ.

ಭಾವ ಓಡಿಸಿದರು, ನಾನು ಮುಳ್ಳು ನೋಡಿದೆ. ಕಲ್ಸಂಕದಿಂದ ಕಡಿಯಾಳಿ, ಕುಂಜಿಬೆಟ್ಟು ದಾಟಿ ಮಣಿಪಾಲದ ಟೈಗರ್ ಸರ್ಕಲ್‌ವರೆಗಿನ ಏರು ಇಂಥ ಪರೀಕ್ಷೆಗೆ ಹೇಳಿ ಮಾಡಿಸಿದ ದಾರಿ. ಸಿಗ್ನಲ್ಲು, ಬಸ್ಸು, ಇಳಿಜಾರು, ಏರು ಎಲ್ಲವೂ ಅಲ್ಪ ದೂರದಲ್ಲೇ ಸಿಗುತ್ತವೆ. ಮೂರು ಸಂಗತಿಗಳು ಕಂಡವು. ಜರ್ಕಿನ ಮೊದಲು ಮುಳ್ಳು ಒಮ್ಮೆಯೂ ಏರಲಿಲ್ಲ. ಜರ್ಕ್ ಬಂದಾಗ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ, ಹೀಗೆ ಎಲ್ಲ ಬದಲಾವಣೆಗಳಲ್ಲೂ ಬಂತು. ಯಾವುದೋ ಒಂದರಲ್ಲಿ ಮಾತ್ರ ಅಲ್ಲ. ಮತ್ತು ಅದು ಇದ್ದಕ್ಕಿದ್ದಂತೆ ಬಂದು, ರಸ್ತೆಯ ಗುಂಡಿಯೊಂದಕ್ಕೆ ಚಕ್ರ ಬಿದ್ದ ಮೇಲೆ ಇದ್ದಕ್ಕಿದ್ದಂತೆಯೇ ಹೋಯಿತು. ಒಂದೇ ಗೇರಿನಲ್ಲಿ ತೊಂದರೆಯಿದ್ದರೆ ಆ ಗೇರಿನ ಕ್ಲಚ್ಚನ್ನು ಅನುಮಾನಿಸಬೇಕು. ಎಲ್ಲದರಲ್ಲೂ ಇದ್ದರೆ ಎಲ್ಲಕ್ಕೂ ಸಮಾನವಾದದ್ದನ್ನು, ಅಂದರೆ ಮುಖ್ಯ ಎಣ್ಣೆಯ ಒತ್ತಡವನ್ನು ಅನುಮಾನಿಸಬೇಕು. ಸವೆದ ಕ್ಲಚ್ ಪ್ಲೇಟು ಗುಂಡಿಗೆ ಬಿದ್ದ ಮಾತ್ರಕ್ಕೆ ಸರಿಯಾಗುವುದಿಲ್ಲ. ಸಡಿಲವಾದ ವೈರಿನ ಜೋಡಣೆ ಮಾತ್ರ ಹಾಗೆ ನಡೆದುಕೊಳ್ಳುತ್ತದೆ. ಇದಲ್ಲದೆ, ನಿಂತ ಕಾರಿನ ಲಿವರನ್ನು ಎನ್‌ನಿಂದ (ನ್ಯೂಟ್ರಲ್) ಡಿಗೆ (ಮುಂದಕ್ಕೆ) ಅಥವಾ ಆರ್‌ಗೆ (ರಿವರ್ಸ್) ಹಾಕುವಾಗ ಎಂಜಿನ್ನಿನ ಕೆಳಗಿಂದ ‘ಧಡ್’ ಎಂಬ ಶಬ್ದವೊಂದು ಮಳೆ ಬಿಸಿಲೆನ್ನದೆ ಯಾವಾಗಲೂ ಬರುತ್ತಿತ್ತು. ಅದು ಬೇರೆಯೇ ದೂರು ಎಂದು ಪುಸ್ತಕದಲ್ಲಿ ಪ್ರತ್ಯೇಕವಾಗಿ ಬರೆದಿಟ್ಟುಕೊಂಡೆ.

ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಇರಲಿಲ್ಲ. ಹಾಗಿದ್ದರೂ ಕಾರಿನ ಕಂಪ್ಯೂಟರಿನಲ್ಲಿರುವ ದೋಷದ ಕೋಡುಗಳನ್ನು ಓದುವ ಓಬಿಡಿ ಸಾಕೆಟ್ಟಿಗೆ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ ಫೋನಿನಲ್ಲಿ ನೋಡಿದಾಗ, ಖಾತ್ರಿಯಾಗದೆ ಬಾಕಿ ಇರುವ ಕೋಡುಗಳ ಪಟ್ಟಿಯಲ್ಲಿ ಪಿ0748 ಇತ್ತು. ಒತ್ತಡ ನಿಯಂತ್ರಿಸುವ ‘ಎ’ ಸೊಲೆನಾಯ್ಡಿನ ವಿದ್ಯುತ್ ಮಾರ್ಗದಲ್ಲಿ ತೊಂದರೆ ಎಂದು ಅದರ ಅರ್ಥ. ದೀಪ ಉರಿಯದಿದ್ದರೆ ಕೋಡ್ ಇಲ್ಲ ಎಂದು ತಿಳಿಯಬಾರದು. ತೊಂದರೆ ಮತ್ತೆ ಕಾಣಿಸಿಕೊಂಡು ಖಾತ್ರಿಯಾಗುವವರೆಗೆ ಕಂಪ್ಯೂಟರ್ ಅದನ್ನು ಒಳಗೇ ಇಟ್ಟುಕೊಂಡಿರುತ್ತದೆ. ಅಷ್ಟೇ ಮುಖ್ಯವಾಗಿ, ಕೋಡ್ ಬಂತೆಂದು ಸೊಲೆನಾಯ್ಡನ್ನೇ ಬದಲಿಸಹೊರಡುವುದೂ ಸರಿಯಲ್ಲ. ಕೋಡ್ ಹೇಳುವುದು ಮಾರ್ಗದ ವಿಷಯ, ಬಿಡಿಭಾಗದ ವಿಷಯವಲ್ಲ. ಕಂಪ್ಯೂಟರಿನ ಪಿನ್ನಿನಿಂದ ಸೊಲೆನಾಯ್ಡಿನ ಸುರುಳಿಯವರೆಗೆ ಎಲ್ಲಿ ಬೇಕಾದರೂ ತೊಂದರೆ ಇರಬಹುದು.

ಮುಂದಿನ ಕೆಲಸ ಎಣ್ಣೆಯ ಪರೀಕ್ಷೆ. ಈ ಕಾರಿನ ಗೇರ್‌ಬಾಕ್ಸಿಗೆ ಅದೃಷ್ಟವಶಾತ್ ಡಿಪ್‌ಸ್ಟಿಕ್, ಅಂದರೆ ಎಣ್ಣೆಯ ಮಟ್ಟ ನೋಡುವ ಕಡ್ಡಿ, ಇದೆ. ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ, ಬಿಸಿಯಾದಾಗ ಹಿಗ್ಗುವುದರಿಂದ ಕಾರನ್ನು ಚೆನ್ನಾಗಿ ಓಡಿಸಿ ತಂದು, ಸಮತಟ್ಟಾದ ಜಾಗದಲ್ಲಿ ಎಂಜಿನ್ ಚಾಲೂ ಇಟ್ಟು, ಬ್ರೇಕ್ ಒತ್ತಿಕೊಂಡು ಲಿವರನ್ನು ಎಲ್ಲ ಸ್ಥಾನಗಳಿಗೂ ನಿಧಾನವಾಗಿ ಹಾಕಿ ತೆಗೆದು, ಪಿಯಲ್ಲಿ (ಪಾರ್ಕ್) ನಿಲ್ಲಿಸಿದ ಮೇಲೆ ಅಳೆಯಬೇಕು. ಮಟ್ಟ ಸರಿಯಿತ್ತು. ಬಣ್ಣ ಮಾತ್ರ ಕೆಂಪು ಹೋಗಿ ಕಂದಾಗಿತ್ತು. ಸುಟ್ಟ ವಾಸನೆ ಇರಲಿಲ್ಲ. ಮಳೆಗಾಲದಲ್ಲಿ ನಿಂತ ನೀರಿನಲ್ಲಿ ಓಡಾಡುವ ನಮ್ಮ ಕಡೆಯ ಕಾರುಗಳಲ್ಲಿ ಇನ್ನೊಂದನ್ನು ನೋಡಲೇಬೇಕು: ಎಣ್ಣೆ ಹಾಲು ಬೆರೆತಂತೆ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಹೊಕ್ಕಿದೆ ಎಂದರ್ಥ, ಆಗ ಕಾರನ್ನು ಒಂದಡಿಯೂ ಓಡಿಸಬಾರದು, ಏಕೆಂದರೆ ಕ್ಲಚ್ ಪ್ಲೇಟುಗಳ ಹೊದಿಕೆ ಅಂಟಿನಿಂದ ನಿಂತಿರುತ್ತದೆ, ನೀರು ಆ ಅಂಟನ್ನು ಬಿಡಿಸುತ್ತದೆ. ಇಲ್ಲಿ ಹಾಗಿರಲಿಲ್ಲ. ಬ್ರೇಕ್ ಒತ್ತಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು ನೋಡುವ ಸ್ಟಾಲ್ ಪರೀಕ್ಷೆಯನ್ನು ನಾನು ಮಾಡಲಿಲ್ಲ. ಅದನ್ನು 5 ಸೆಕೆಂಡಿಗಿಂತ ಹೆಚ್ಚು ಮಾಡಿದರೆ ಎಣ್ಣೆ ವಿಪರೀತ ಕಾಯುತ್ತದೆ. ಜಾರುವ ಲಕ್ಷಣವೇ ಇಲ್ಲದ ಹಳೆಯ ಗೇರ್‌ಬಾಕ್ಸಿಗೆ ಆ ಹಿಂಸೆ ಅನಾವಶ್ಯಕ.

ಇನ್ನು ವೈರಿಂಗಿನ ವಿಷಯ, ಈ ಕೆಲಸದ ಹೂರಣವೇ ಅದು. ಒತ್ತಡ ನಿಯಂತ್ರಿಸುವ ಸೊಲೆನಾಯ್ಡ್ ಸಾಮಾನ್ಯವಾಗಿ ತಿರುಗುಮುರುಗಾಗಿ ಕೆಲಸ ಮಾಡುತ್ತದೆ: ಕರೆಂಟ್ ಹೆಚ್ಚು ಕೊಟ್ಟಷ್ಟೂ ಎಣ್ಣೆಯ ಒತ್ತಡ ಇಳಿಯುತ್ತದೆ, ಕರೆಂಟ್ ಹೋದರೆ ಒತ್ತಡ ಗರಿಷ್ಠಕ್ಕೇರುತ್ತದೆ. ವೈರು ತುಂಡಾದರೂ ಕ್ಲಚ್ ಜಾರಿ ಸುಟ್ಟುಹೋಗದಿರಲಿ, ಜರ್ಕ್ ಹೊಡೆದಾದರೂ ಕಾರು ಮನೆ ಸೇರಲಿ ಎಂಬ ಮುಂದಾಲೋಚನೆಯಿಂದ ಮಾಡಿದ ವ್ಯವಸ್ಥೆ ಅದು. ಹಾಗಾಗಿ ಈ ಮಾರ್ಗದಲ್ಲಿ ಎಲ್ಲೋ ಒಂದು ಪಿನ್ನು ತುಕ್ಕು ಹಿಡಿದು ಕರೆಂಟಿಗೆ ಅಡ್ಡಿಯಾದರೆ, ಗೇರ್‌ಬಾಕ್ಸಿನೊಳಗೆ ಏನೂ ಕೆಟ್ಟಿರದಿದ್ದರೂ ಪ್ರತಿಯೊಂದು ಗೇರೂ ಪೂರ್ಣ ಒತ್ತಡದಲ್ಲಿ ಕಚ್ಚಿಕೊಳ್ಳುತ್ತದೆ. ಆಕ್ಸಿಲರೇಟರ್ ಹಗುರವಾಗಿ ಒತ್ತಿದಾಗ ಜರ್ಕ್ ಹೆಚ್ಚು, ಜೋರಾಗಿ ಒತ್ತಿದಾಗ ಕಡಿಮೆ ಎಂದು ಭಾವ ಹೇಳಿದ್ದೂ ಇದಕ್ಕೆ ಸರಿಹೊಂದುತ್ತಿತ್ತು. ಜೋರಾಗಿ ಒತ್ತಿದಾಗ ಹೇಗೂ ಹೆಚ್ಚಿನ ಒತ್ತಡವೇ ಬೇಕು.

ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆದು, ಬ್ಯಾಟರಿಯನ್ನೂ ಅದರ ತಟ್ಟೆಯನ್ನೂ ಎತ್ತಿದಾಗ ಅದರ ನೇರ ಕೆಳಗೆ ಗೇರ್‌ಬಾಕ್ಸಿನ ಮೈಮೇಲೆ ಕಪ್ಲರ್, ಅಂದರೆ ಸೊಲೆನಾಯ್ಡಿನ ವೈರುಗಳು ಬಂದು ಸೇರುವ ಜೋಡಣೆ, ಕಂಡಿತು. ಈ ಕಾರಿನ ಕೈಪಿಡಿಯಲ್ಲಿ ಸೊಲೆನಾಯ್ಡಿನ ಪ್ರತಿರೋಧ 20 ಡಿಗ್ರಿಯಲ್ಲಿ 5.0ರಿಂದ 5.6 ಓಮ್ ಎಂದಿದೆ. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ, ಕಡ್ಡಿಗಳದ್ದೇ ಪ್ರತಿರೋಧ 0.2 ಓಮನ್ನು ಕಳೆದ ಮೇಲೆ, ಗೇರ್‌ಬಾಕ್ಸಿನ ಬದಿಯ ಪಿನ್ನಿನಲ್ಲಿ 5.5 ಓಮ್ ಬಂತು. ಕಾರು ರಾತ್ರಿಯಿಡೀ ನಿಂತಿದ್ದರಿಂದ ಗೇರ್‌ಬಾಕ್ಸ್ ಅಂದಿನ ಹವೆಯಷ್ಟೇ, ಅಂದರೆ ಸುಮಾರು 30 ಡಿಗ್ರಿಯಷ್ಟಿತ್ತು. ತಾಮ್ರದ ಪ್ರತಿರೋಧ ಪ್ರತಿ ಡಿಗ್ರಿಗೆ ಶೇಕಡಾ 0.4ರ ಆಸುಪಾಸಿನಲ್ಲಿ ಏರುವುದರಿಂದ 20 ಡಿಗ್ರಿಗೆ ಇಳಿಸಿ ಲೆಕ್ಕ ಹಾಕಿದರೆ ಅದು 5.3 ಆಗುತ್ತದೆ. ಸುರುಳಿ ಆರೋಗ್ಯವಾಗಿಯೇ ಇದೆ ಎಂದಾಯಿತು. ಇದೇ ಸುರುಳಿ 80 ಡಿಗ್ರಿಯಲ್ಲಿ ಸುಮಾರು 6.5 ಓಮ್ ತೋರಿಸುತ್ತದೆ. ಬಿಸಿ ಗೇರ್‌ಬಾಕ್ಸಿನಲ್ಲಿ ಅಳೆದು, ಕೈಪಿಡಿಯ ಅಂಕಿಗಿಂತ ಹೆಚ್ಚಾಯಿತೆಂದು ಒಳ್ಳೆಯ ಸೊಲೆನಾಯ್ಡನ್ನು ಎಸೆಯುವ ಅಪಾಯ ಇರುವುದು ಇಲ್ಲಿಯೇ.

ಆಮೇಲೆ ಕಪ್ಲರನ್ನು ಮತ್ತೆ ಜೋಡಿಸಿ, ಕಂಪ್ಯೂಟರಿನ ಬದಿಯ ಸಾಕೆಟ್ಟನ್ನು ಕಳಚಿ ಅಲ್ಲಿಂದ ಅದೇ ಮಾರ್ಗವನ್ನು ಅಳೆದೆ. ಅಲ್ಲಿಯೂ 5.5ರ ಹತ್ತಿರವೇ ಬರಬೇಕಾಗಿತ್ತು. ಬಂದದ್ದು 9. ಭಾವ ವೈರಿನ ಕಟ್ಟನ್ನು ಹಿಡಿದು ಮೆಲ್ಲನೆ ಅಲ್ಲಾಡಿಸಿದಾಗ ಅಂಕಿ 14ಕ್ಕೆ ಹೋಯಿತು, ಇನ್ನೊಂದು ಬದಿಗೆ ಬಾಗಿಸಿದಾಗ 40 ದಾಟಿತು, ಕೈಬಿಟ್ಟಾಗ ಮತ್ತೆ ಇಳಿಯಿತು. ಈ ಬಗೆಯ ಸೊಲೆನಾಯ್ಡಿಗೆ ಒತ್ತಡ ಇಳಿಸಲು 1 ಆಂಪಿಯರಿನ ಆಸುಪಾಸಿನಲ್ಲಿ ಕರೆಂಟ್ ಬೇಕು; 14 ವೋಲ್ಟಿನಲ್ಲಿ 40 ಓಮ್ ಎಂದರೆ ಹರಿಯುವುದು 0.35 ಆಂಪಿಯರ್ ಮಾತ್ರ. ಜರ್ಕಿನ ಕಾರಣ ಗೇರ್‌ಬಾಕ್ಸಿನ ಹೊರಗೇ ಇದೆ ಎಂಬುದು ಅಲ್ಲಿಗೆ ನಿಶ್ಚಯವಾಯಿತು.

ಕಪ್ಲರನ್ನು ಬೆಳಕಿಗೆ ತಿರುಗಿಸಿ ಭೂತಗನ್ನಡಿಯಲ್ಲಿ ನೋಡಿದಾಗ ಆ ಒಂದು ಪಿನ್ನಿನ ಬುಡದಲ್ಲಿ ಹಸಿರು ಕಿಲುಬು ಗಟ್ಟಿಯಾಗಿ ಕುಳಿತಿತ್ತು. ಪಕ್ಕದ ಪಿನ್ನುಗಳು ಹೊಳೆಯುತ್ತಿದ್ದವು. ಅದೊಂದೇ ಏಕೆ ಹೀಗೆ ಎಂದು ವೈರನ್ನು ಹಿಂದಕ್ಕೆ ಸವರುತ್ತ ಹೋದಾಗ, ಕಪ್ಲರಿನಿಂದ ನಾಲ್ಕು ಬೆರಳು ದೂರದಲ್ಲಿ ಹೊದಿಕೆಗೆ ಸೂಜಿ ಚುಚ್ಚಿದ ಗುರುತು ಸಿಕ್ಕಿತು. ಹಿಂದೆ ಯಾವಾಗಲೋ ಯಾರೋ ಟೆಸ್ಟರಿನ ಮೊನೆಯನ್ನು ವೈರಿನೊಳಕ್ಕೆ ಚುಚ್ಚಿ ಕರೆಂಟ್ ಬರುತ್ತದೆಯೇ ಎಂದು ನೋಡಿದ್ದರು, ತೂತನ್ನು ಮುಚ್ಚಿರಲಿಲ್ಲ. ಆ ತೂತಿನಿಂದ ಉಪ್ಪಿನಂಶದ ನೀರು ಒಳಗಿಳಿದು, ತಾಮ್ರದ ಎಳೆಗಳ ನಡುವೆ ಹೀರಿಕೊಳ್ಳುತ್ತ ಪಿನ್ನಿನವರೆಗೂ ಹೋಗಿತ್ತು. ಹೊದಿಕೆ ಸುಲಿದಾಗ ಎಳೆಗಳು ಕಪ್ಪಾಗಿ, ಉಗುರು ತಾಗಿಸಿದರೆ ಪುಡಿಯಾಗುತ್ತಿದ್ದವು. ಕರಾವಳಿಯಲ್ಲಿ ಕಾರಿನ ವೈರಿಗೆ ಸೂಜಿ ಚುಚ್ಚುವುದನ್ನು ನಿಲ್ಲಿಸಲೇಬೇಕು. ಕಪ್ಲರಿನ ಹಿಂಬದಿಯಿಂದ ತೆಳ್ಳನೆಯ ಕಡ್ಡಿ ತೂರಿಸಿ ಅಳೆಯಲು ಬರುತ್ತದೆ, ಅನಿವಾರ್ಯವಾಗಿ ಚುಚ್ಚಿದರೂ ಆ ತೂತನ್ನು ಮುಚ್ಚಬೇಕು.

ಕಪ್ಪಾದ ತಾಮ್ರಕ್ಕೆ ಹೊಸ ಪಿನ್ ಹಾಕಿದರೆ ಪ್ರಯೋಜನವಿಲ್ಲ. ತಾಮ್ರ ಕೆಂಪಗೆ ಹೊಳೆಯುವ ಜಾಗ ಸಿಗುವವರೆಗೆ ಹಿಂದೆ ಹಿಂದೆ ಕತ್ತರಿಸುತ್ತ ಹೋಗಿ, ಅಷ್ಟೇ ದಪ್ಪದ ಹೊಸ ವೈರಿನ ತುಂಡನ್ನು ಸೇರಿಸಬೇಕು. ಈ ಹಂತದಲ್ಲಿ ಪರಿಚಯದ ಆಟೊ ಇಲೆಕ್ಟ್ರಿಷಿಯನ್ ಒಬ್ಬರನ್ನು ಕರೆದೆ, ಏಕೆಂದರೆ ಇಷ್ಟು ಚಿಕ್ಕ ಟರ್ಮಿನಲ್ ಒತ್ತುವ ಸರಿಯಾದ ಇಕ್ಕಳ ನನ್ನಲ್ಲಿರಲಿಲ್ಲ. ಬೆಸುಗೆ ಹಾಕಿದರೆ ಹೇಗೆ ಎಂದು ಕೇಳಿದಾಗ ಅವರು, “ಬೇಡ ಮಾರಾಯ್ರೆ, ಸೋಲ್ಡರ್ ಹಾಕಿದ ಕಡೆ ವೈರು ಗಟ್ಟಿಯಾಗ್ತದೆ, ಎಂಜಿನ್ ನಡುಗಿ ನಡುಗಿ ಅದರ ಬುಡದಲ್ಲೇ ತುಂಡಾಗ್ತದೆ. ಕ್ರಿಂಪೇ ಮಾಡುವ” ಎಂದರು. ಕ್ರಿಂಪ್ ಮಾಡಿ, ಅಂದರೆ ಇಕ್ಕಳದಿಂದ ಒತ್ತಿ ಜೋಡಿಸಿ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಕೊಳವೆಯನ್ನು ಬಿಸಿಗಾಳಿಯಲ್ಲಿ ಬಿಗಿಸಿ, ಗೇರ್‌ಬಾಕ್ಸಿನ ಬದಿಯ ಪಿನ್ನನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು, ಚಪ್ಪಟೆಯಾಗಿದ್ದ ರಬ್ಬರ್ ಸೀಲನ್ನು ಬದಲಿಸಿ, ನೀರು ತಡೆಯುವ ಡೈಎಲೆಕ್ಟ್ರಿಕ್ ಗ್ರೀಸನ್ನು ಸೀಲಿನ ಸುತ್ತ ತೆಳ್ಳಗೆ ಸವರಿದೆವು. ಕಂಪ್ಯೂಟರಿನ ಬದಿಯಿಂದ ಮತ್ತೆ ಅಳೆದಾಗ 5.6 ಓಮ್ ಬಂತು. ವೈರಿನ ಕಟ್ಟನ್ನು ಹೇಗೆ ಬಾಗಿಸಿದರೂ ಅಂಕಿ ಅಲುಗಲಿಲ್ಲ.

ಬ್ಯಾಟರಿ ಹೊರಗೆ ಇದ್ದಾಗಲೇ ಗೇರ್‌ಬಾಕ್ಸಿನ ಮೈಗೆ ಬರುವ ಅರ್ತಿಂಗ್ ಕೇಬಲನ್ನೂ ಬಿಚ್ಚಿ, ಬೋಲ್ಟಿನ ಕೆಳಗಿನ ತುಕ್ಕನ್ನು ಎಮರಿ ಕಾಗದದಿಂದ ಉಜ್ಜಿ ಮತ್ತೆ ಬಿಗಿದೆ. ಬ್ಯಾಟರಿ ಕೂರಿಸಿದ ಮೇಲೆ, ಸ್ಟಾರ್ಟ್ ಮಾಡುವ ಹೊತ್ತಿನಲ್ಲಿ ಬ್ಯಾಟರಿಯ ನೆಗೆಟಿವ್‌ಗೂ ಗೇರ್‌ಬಾಕ್ಸಿನ ಮೈಗೂ ನಡುವೆ 0.1 ವೋಲ್ಟ್ ಕಂಡಿತು, 0.2ರ ಒಳಗಿದ್ದರೆ ಚಿಂತೆಯಿಲ್ಲ.

ಎಣ್ಣೆ, ಎಂಜಿನ್ನನ್ನು ಹಿಡಿದಿಡುವ ರಬ್ಬರಿನ ಮೌಂಟಿಂಗ್, ವೈರು ಎಲ್ಲವನ್ನೂ ಒಂದೇ ದಿನ ಬದಲಿಸಿಬಿಡಬಹುದಿತ್ತು. ಹಾಗೆ ಮಾಡದೆ ವೈರಿನ ಕೆಲಸವಾದ ಕೂಡಲೇ ಅದೇ ಏರಿಗೆ ಕಾರನ್ನು ಒಯ್ದೆವು. ಯಾವುದರಿಂದ ಏನು ಸರಿಹೋಯಿತು ಎಂಬುದು ತಿಳಿಯದಿದ್ದರೆ ಮುಂದೆ ತೊಂದರೆ ಬಂದಾಗ ಮತ್ತೆ ಕತ್ತಲಲ್ಲಿ ತಡಕಬೇಕಾಗುತ್ತದೆ. ಬ್ಯಾಟರಿ ತೆಗೆದಿದ್ದರಿಂದ ಕಂಪ್ಯೂಟರ್ ಹಿಂದೆ ಕಲಿತ ಹೊಂದಾಣಿಕೆಗಳನ್ನು ಮರೆತಿತ್ತು. ಮೊದಲು ಎಂಜಿನ್ನನ್ನೂ ಎಣ್ಣೆಯನ್ನೂ ಬಿಸಿಯಾಗಲು ಬಿಟ್ಟು, ಆಕ್ಸಿಲರೇಟರನ್ನು ಹಗುರವಾಗಿ ಒಂದೇ ಸಮನೆ ಒತ್ತಿ, ನಿಂತಲ್ಲಿಂದ ನಾಲ್ಕನೆಯ ಗೇರಿನವರೆಗೆ ಮತ್ತೆ ಮತ್ತೆ ಏರಿಸಿ, ಬ್ರೇಕ್ ಮೆಲ್ಲಗೆ ಹಾಕಿ ಇಳಿಸುತ್ತ ಹೋಗಬೇಕು. ಹೆದ್ದಾರಿ 66ರಲ್ಲಿ ಸಂತೆಕಟ್ಟೆಯ ಕಡೆಗೆ ಬೆಳಗಿನ ಹೊತ್ತು ಇದಕ್ಕೆ ಅನುಕೂಲ. ಆರಂಭದ ಕೆಲವು ಬದಲಾವಣೆಗಳು ಬಿರುಸಾಗಿದ್ದವು, ಆಮೇಲೆ ಮೆತ್ತಗಾದವು. ಮಣಿಪಾಲದ ಏರಿನಲ್ಲಿ ಎರಡರಿಂದ ಮೂರಕ್ಕೆ ಹೋದದ್ದು ಮುಳ್ಳು ನೋಡಿದರೆ ಮಾತ್ರ ತಿಳಿಯುವಂತಾಯಿತು. ಆದರೆ ನಿಂತಲ್ಲಿ ಡಿಗೆ ಹಾಕುವಾಗಿನ ‘ಧಡ್’ ಹಾಗೆಯೇ ಉಳಿದಿತ್ತು.

ಆ ಶಬ್ದದ ಕಾರಣ ಹುಡುಕಲು ಮೊದಲು ಐಡಲ್, ಅಂದರೆ ಆಕ್ಸಿಲರೇಟರ್ ಒತ್ತದಿರುವಾಗಿನ ಎಂಜಿನ್ ವೇಗ, ನೋಡಿದೆ. ಬಿಸಿ ಎಂಜಿನ್ನಿನಲ್ಲಿ 750 ಆರ್‌ಪಿಎಂ ಇತ್ತು. 1000ದ ಮೇಲಿದ್ದರೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿ ಕೊಳೆಯಾಗಿದೆಯೇ ಎಂದು ಅನುಮಾನಿಸಬೇಕಾಗುತ್ತಿತ್ತು. ಆಮೇಲೆ ಬಾನೆಟ್ ತೆರೆದು, ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಭಾವ ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡು ಲಿವರನ್ನು ಆರ್‌ನಿಂದ ಡಿಗೆ ಹಾಕುವಾಗ ನಾನು ಬದಿಯಲ್ಲಿ ನಿಂತು ನೋಡಿದೆ. ಈ ಪರೀಕ್ಷೆಯಲ್ಲಿ ಕಾರಿನ ಎದುರು ಯಾರೂ ನಿಲ್ಲಬಾರದು. ಎಂಜಿನ್ ಒಂದು ಬದಿಗೆ ಬೇಕಾದುದಕ್ಕಿಂತ ಹೆಚ್ಚು ಎದ್ದು ಕುಳಿತುಕೊಳ್ಳುತ್ತಿತ್ತು. ಕೆಳಗಿನ ಮೌಂಟಿಂಗಿನ ರಬ್ಬರು ಅರ್ಧ ವೃತ್ತದಷ್ಟು ಹರಿದು, ನಡುವಿನ ಕಬ್ಬಿಣದ ಕೊಳವೆ ಬ್ರಾಕೆಟ್ಟಿಗೆ ಬಡಿದು ಬಡಿದು ಆ ಜಾಗ ಬೆಳ್ಳಿಯ ಬಣ್ಣಕ್ಕೆ ಸವೆದಿತ್ತು. ನಮ್ಮ ಅಂಗಳ ಕೆಂಪು ಮಣ್ಣಿನದು, ಮಳೆಗೆ ನೆನೆದಾಗ ಜ್ಯಾಕ್ ಹೂತುಹೋಗುತ್ತದೆ. ಹಾಗಾಗಿ ದಪ್ಪ ಹಲಗೆಯ ಮೇಲೆ ಸ್ಟ್ಯಾಂಡ್ ಇಟ್ಟು, ಎಂಜಿನ್ನಿಗೆ ಮರದ ತುಂಡಿನ ಆಸರೆ ಕೊಟ್ಟು ಹೊಸ ಮೌಂಟಿಂಗ್ ಹಾಕಿದೆವು. ಕೊನೆಯ ಬಿಗಿತವನ್ನು ಕಾರು ತನ್ನ ಚಕ್ರಗಳ ಮೇಲೆ ನಿಂತ ಮೇಲೆಯೇ ಕೊಡಬೇಕು. ಎತ್ತಿದಾಗಲೇ ಬಿಗಿದರೆ ರಬ್ಬರು ತಿರುಚಿಕೊಂಡು ಕೂತು ಬೇಗನೆ ಹರಿಯುತ್ತದೆ. ‘ಧಡ್’ ಶಬ್ದ ಅಲ್ಲಿಗೆ ನಿಂತಿತು.

ಕೊನೆಗೆ ಎಣ್ಣೆ. ಈ ಗೇರ್‌ಬಾಕ್ಸಿನಲ್ಲಿ ಒಟ್ಟು 6 ಲೀಟರ್ ಎಣ್ಣೆ ಇದ್ದರೂ ಚೇಂಬರಿನ (ತಳದ ಎಣ್ಣೆಯ ತಟ್ಟೆಯ) ಬೋಲ್ಟ್ ಬಿಚ್ಚಿದಾಗ ಇಳಿಯುವುದು 3 ಲೀಟರ್. ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲೂ ಕೂಲರಿನ ಕೊಳವೆಗಳಲ್ಲೂ ಉಳಿಯುತ್ತದೆ. ಆದ್ದರಿಂದ ಒಮ್ಮೆ ಬದಲಿಸಿದರೆ ಅರ್ಧ ಹೊಸತಾಗುತ್ತದೆ, ನಡುವೆ ಓಡಿಸಿ ಎರಡನೆಯ ಸಲ ಬದಲಿಸಿದರೆ ಶೇಕಡಾ 75, ಮೂರನೆಯ ಸಲಕ್ಕೆ 87.5. ಯಂತ್ರದಿಂದ ಒತ್ತಡ ಕೊಟ್ಟು ಪೂರ್ತಿ ತೊಳೆಯುವುದಕ್ಕಿಂತ ಹೀಗೆ ಹಂತಹಂತವಾಗಿ ಬದಲಿಸುವುದನ್ನೇ ಹಳೆಯ ಗೇರ್‌ಬಾಕ್ಸಿಗೆ ನಾನು ಒಪ್ಪುತ್ತೇನೆ. ಎಣ್ಣೆಯ ಆಯ್ಕೆಯಲ್ಲಿ ಚೌಕಾಶಿ ಸಲ್ಲದು: ಎಟಿಎಫ್‌ಗಳೆಲ್ಲ ನೋಡಲು ಕೆಂಪಾಗಿದ್ದರೂ ಕ್ಲಚ್ ಎಷ್ಟು ಮೆತ್ತಗೆ ಹಿಡಿಯಬೇಕು ಎಂಬುದನ್ನು ನಿರ್ಧರಿಸುವ ಮಿಶ್ರಣ ಒಂದೊಂದರಲ್ಲಿ ಒಂದೊಂದು ಬಗೆ, ಕೈಪಿಡಿ ಹೇಳಿದ ದರ್ಜೆಯನ್ನೇ ಹಾಕಬೇಕು. ಚೇಂಬರ್ ಬಿಚ್ಚಿದಾಗ ಅಯಸ್ಕಾಂತಗಳ ಮೇಲೆ ನುಣ್ಣನೆಯ ಬೂದು ಕೆಸರಿತ್ತು. ಬೆರಳಲ್ಲಿ ಉಜ್ಜಿದರೆ ಚೂರುಗಳು ಸಿಗಲಿಲ್ಲ. ನುಣ್ಣನೆಯ ಕೆಸರು ವಯಸ್ಸಿಗೆ ತಕ್ಕ ಸವೆತ. ಕೈಗೆ ಚುಚ್ಚುವ ಲೋಹದ ಚೂರುಗಳು ಕಂಡಿದ್ದರೆ ಗೇರ್‌ಬಾಕ್ಸ್ ಇಳಿಸಬೇಕೆಂದ ಗ್ಯಾರೇಜಿನ ಮಾತನ್ನೇ ನಾನೂ ಹೇಳುತ್ತಿದ್ದೆ. ಫಿಲ್ಟರ್, ಗ್ಯಾಸ್ಕೆಟ್, ಬೋಲ್ಟಿನ ವಾಶರ್ ಹೊಸತು ಹಾಕಿ, ಇಳಿದಷ್ಟೇ ಎಣ್ಣೆಯನ್ನು ಅಳೆದು ತುಂಬಿಸಿದೆವು. ಹಳೆಯ ಎಣ್ಣೆಯನ್ನು ಕ್ಯಾನಿನಲ್ಲಿ ತುಂಬಿಸಿ, ಹಳೆ ಆಯಿಲ್ ತೆಗೆದುಕೊಳ್ಳುವವರಿಗೆ ಕೊಟ್ಟೆವು. ಮನೆಮನೆಗೂ ಬಾವಿ ಇರುವ ಊರಿನಲ್ಲಿ ಅದನ್ನು ತೋಟದ ಮೂಲೆಗೆ ಸುರಿಯುವ ಅಭ್ಯಾಸ ನಿಲ್ಲಬೇಕು.

ಈಗ ಬೆಳಿಗ್ಗೆ ತಣ್ಣಗಿರುವಾಗ ಮೊದಲ ಒಂದೆರಡು ಬದಲಾವಣೆಗಳು ಸ್ವಲ್ಪ ತಡವಾಗಿ, ಸ್ವಲ್ಪ ಬಿಗಿಯಾಗಿ ಆಗುತ್ತವೆ. ಎಣ್ಣೆ ಬಿಸಿಯಾಗುವವರೆಗೆ ಕಂಪ್ಯೂಟರ್ ಹಾಗೆ ನಡೆಸುವುದು ಸಹಜ. ಪರ್ಕಳದ ಇಳಿಜಾರಿನಲ್ಲಿ ಮೂರರಿಂದ ಎರಡಕ್ಕೆ ಇಳಿಸಿದಾಗಲೂ ಜರ್ಕ್ ಇಲ್ಲ. ಪಿ0748 ಕೋಡನ್ನು ಅಳಿಸಿದ ಮೇಲೆ ಅದು ಮತ್ತೆ ಕಾಣಿಸಿಕೊಂಡಿಲ್ಲ. ಗೇರ್‌ಬಾಕ್ಸಿನ ಮೈಯಲ್ಲಿ ಒತ್ತಡದ ಗೇಜ್ ಕೂರಿಸುವ ಚಿಕ್ಕ ಬೋಲ್ಟೊಂದಿದೆ. ಈ ಸಲ ಅದನ್ನು ಬಿಚ್ಚುವ ಅಗತ್ಯ ಬೀಳಲಿಲ್ಲ. ವೈರು ಸರಿಯಿದ್ದೂ ಜರ್ಕ್ ಮರಳಿದರೆ ಮುಂದಿನ ಪರೀಕ್ಷೆ ಅಲ್ಲಿಂದ ಶುರುವಾಗಬೇಕು. ಹಾಗಾಗಿ 30 ಡಿಗ್ರಿಯಲ್ಲಿ 5.5 ಓಮ್, ಅರ್ತಿಂಗ್ 0.1 ವೋಲ್ಟ್, ಬಿಸಿ ಐಡಲ್ 750, ಎಣ್ಣೆ ಬದಲಿಸಿದ ಕಿಲೋಮೀಟರ್, ವೈರು ಸೇರಿಸಿದ ಜಾಗ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು, ಮುಂದೆ ಕೆಲಸ ಮಾಡುವ ಮೆಕ್ಯಾನಿಕ್‌ಗೆ ಸಿಗುವಂತೆ ಕಾರಿನ ಸರ್ವಿಸ್ ಪುಸ್ತಕದೊಳಗೆ ಅಂಟಿಸಿದ್ದೇವೆ.